ಒಳಗಿದ್ದ ಕಂಡೆನ್ಸರ್

ಮೊನ್ನೆ ಹಾಸನದ ಮಾರ್ಕೆಟ್ಟಿನಲ್ಲಿ ಹಗ್ಗದ ಅಂಗಡಿ ದಾಟುವಾಗ ನೆಂದ ತೆಂಗಿನ ನಾರಿನ ವಾಸನೆ ಮೂಗಿಗೆ ಬಡಿಯಿತು. ಅದೇನೂ ಸುಗಂಧವಲ್ಲ, ನಿಮಗೂ ಗೊತ್ತು. ಆದರೂ ಕಾಲು ನಿಂತುಬಿಟ್ಟಿತು. ಆ ವಾಸನೆ ಬಂದಾಗಲೆಲ್ಲ ನನಗೆ ಎಲ್ಲೋ ಒಂದು ಮೋಟಾರು ಮೆಲ್ಲಗೆ ಏಳುತ್ತಿರುವಂತೆ ಕೇಳಿಸುತ್ತದೆ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು, ಅದೂ ಎಲೆಕ್ಟ್ರಿಕಲ್ ಇಂಜಿನಿಯರಿಂಗ್. ಇದನ್ನು ಹೇಳದೆ ನನಗೆ ಯಾವ ಕಥೆಯನ್ನೂ ಶುರು ಮಾಡಲು ಬರುವುದಿಲ್ಲ, ಸಹಿಸಿಕೊಳ್ಳಿ. ತೊಂಬತ್ತರ ದಶಕದ ಕೊನೆಯಲ್ಲಿ ಡ್ರೈವ್ ಕೂರಿಸುವ ಕೆಲಸ ಸಿಕ್ಕಿತು. ಡ್ರೈವ್ ಎಂದರೆ ಮೋಟಾರಿನ ವೇಗವನ್ನು ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆ. ಹೊಳೆನರಸೀಪುರ, ಅರಕಲಗೂಡು ಎಂದು ಹಿರಿಯರ ಹಿಂದೆ ಟೂಲ್ ಬ್ಯಾಗ್ ಹೊತ್ತು ತಿರುಗಿದೆ. ನಾನೊಬ್ಬನೇ ಕೂರಿಸಿದ ಮೊದಲ ಡ್ರೈವ್ ಮಾತ್ರ ಚನ್ನರಾಯಪಟ್ಟಣದ ಹತ್ತಿರ, ಸೋದರಮಾವನ ನಾರಿನ ಮಿಲ್ಲಿನದು. ಅಲ್ಲಿನ ಹಗ್ಗದ ಮೆಷಿನ್ನು ಸ್ವಿಚ್ ಹಾಕಿದೊಡನೆ ಜಗ್ಗಿ ಹುರಿಯನ್ನೇ ಕಿತ್ತುಹಾಕುತ್ತಿತ್ತು. ಡ್ರೈವ್ ಇದ್ದರೆ ಮೆಲ್ಲಗೆ ಏಳುತ್ತದೆ ಎಂಬ ನನ್ನ ಮಾತು ನಂಬಿ ಮಾವ ಅದನ್ನು ತರಿಸಿದ್ದರು. ಸುಟ್ಟರೆ ಇನ್ನೊಂದು ತರಿಸುವ ಶಕ್ತಿ ಅವರಿಗಿರಲಿಲ್ಲ. ಆಮೇಲೆ ನೆಂಟರ ಮುಂದೆ ತಲೆಯೆತ್ತುವ ಶಕ್ತಿ ನನಗೂ ಇರುತ್ತಿರಲಿಲ್ಲ.

ಮಗನ ಕೆಲಸ ನೋಡಲು ದಂಡಿಗನಹಳ್ಳಿ ಕಡೆಯ ನಮ್ಮೂರಿನಿಂದ ಅಪ್ಪ ಬಂದರು. ಇಸ್ತ್ರಿ ಅಂಗಿ, ಕಂಕುಳಲ್ಲಿ ಟವೆಲ್ ಸುತ್ತಿದ ಕಂಡೆನ್ಸರ್ ಡಬ್ಬ. ಪಂಪ್‌ಸೆಟ್ ಇಟ್ಟವರಿಗೆಲ್ಲ ಇದು ಗೊತ್ತು: ಮೂರು ಫೇಸಿನಲ್ಲಿ ಒಂದು ಹೋದಾಗ ಕಂಡೆನ್ಸರ್ ಸಿಕ್ಕಿಸಿ ಮೋಟಾರು ಓಡಿಸುವುದು. ಹಾಗೆ ಓಡಿಸಬಾರದೆಂದು ಕಾಲೇಜಿನಲ್ಲಿ ಓದಿದ್ದೆ. ಅಪ್ಪ ಹಾಗೆ ಓಡಿಸಿದ್ದರಿಂದಲೇ ಕಾಲೇಜಿಗೆ ಹೋಗಿದ್ದೆ.

“ಇದ್ನ ಮೋಟ್ರುಗೆ ಸೇರ್ಸು, ಚೆನ್ನಾಗ್ ಎಳೀತದೆ,” ಎಂದರು ಅಪ್ಪ. ಬೇಡವೆಂದೆ.

“ಈ ಡಬ್ಬ ಇಲ್ದೋಗಿದ್ರೆ ನೀನು ಇವತ್ತು ದನ ಕಾಯ್ತಿದ್ದೆ ಕಣ್ಲಾ.”

ಮಾವ ನಕ್ಕರು, ಅಪ್ಪನ ಪರವಾಗಿ.

ಡ್ರೈವಿಗೂ ಮೋಟಾರಿಗೂ ನಡುವೆ ಕಂಡೆನ್ಸರ್ ಬಿದ್ದರೆ ಡ್ರೈವ್ ಮುಗಿದಂತೆ. ಅಪ್ಪನ ಮುಖ ನೋಡಿಕೊಂಡು ಅದನ್ನು ಹೇಗೆ ಹೇಳುವುದು? ಕೊನೆಗೆ ಡ್ರೈವಿನ ಮುಚ್ಚಳ ತೆಗೆದು ಒಳಗಿನ ದಪ್ಪ ಡಬ್ಬಿಗಳನ್ನು ತೋರಿಸಿದೆ. “ನಿನ್ ಕಂಡೆನ್ಸರ್ ಇದ್ರೊಳಗೇ ಐತೆ ಅಪ್ಪ. ಇನ್ನೊಂದ್ ಹಾಕುದ್ರೆ ಎರಡೂ ಜಗಳಕ್ಕೆ ಬೀಳ್ತವೆ.” ಇಂಥ ವಿವರಣೆಗೆ ಯಾವ ಪರೀಕ್ಷೆಯಲ್ಲೂ ಅಂಕ ಕೊಡುವುದಿಲ್ಲ. ಅಪ್ಪ ಬಗ್ಗಿ ಬಹಳ ಹೊತ್ತು ನೋಡಿದರು. ಡಬ್ಬವನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿ, ಡ್ರೈವಿನ ಪಕ್ಕ ಸ್ಟೂಲು ಹಾಕಿಕೊಂಡು ಕಾವಲಿಗೆ ಕೂತರು.

ಅರ್ಥಿಂಗ್ ಬಿಗಿ ಮಾಡಿದೆ. ಬೋರ್ಡಿನಿಂದ ಬಂದ ಮೂರು ಫೇಸನ್ನು ಕರೆಂಟು ಒಳಬರುವ ಕಡೆಗೆ, ಮೋಟಾರಿನ ವೈರುಗಳನ್ನು ಹೊರಹೋಗುವ ಕಡೆಗೆ ಕೊಟ್ಟೆ. ಇವೆರಡು ಅದಲುಬದಲಾದರೂ ಹೊಗೆಯೇ. ಒಂದೊಂದು ವೈರನ್ನೂ ಎಳೆದು ನೋಡಿ ಮುಚ್ಚಳ ಹಾಕಿದೆ. ಮಾವ ನಿಂಬೆಹಣ್ಣು ಇಟ್ಟು ಕೈಮುಗಿದರು. ಸ್ವಿಚ್ ಹಾಕಿದೆ. ಮೋಟಾರು ತಿರುಗಿತು, ಆದರೆ ಉಲ್ಟಾ.

ನಿಲ್ಲಿಸಿ, ಮೋಟಾರಿನ ಬಳಿ ಹೋಗಿ ಬಗ್ಗಿದೆ. ಉಲ್ಟಾ ಹೋದರೆ ಮೇನ್ ಇಳಿಸಿ ಎರಡು ವೈರು ಬದಲಿಸುವುದು ನಮ್ಮ ಕಡೆ ಎಲ್ಲರ ರೂಢಿ. ಮಾವ ಮೇನ್ ಇಳಿಸಿ, ಮುಚ್ಚಳ ತೆಗೆದು, ಒಳಗೆ ಕೈ ಹಾಕಲು ಹೋದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಅವರ ಮಣಿಕಟ್ಟು ಹಿಡಿದಿದ್ದರು.

“ಕೈ ತಗಿಯೋ. ಒಳ್ಗೆ ಕಂಡೆನ್ಸರ್ ಐತೆ.”

“ಮೇನ್ ಆಫ್ ಆಗೈತಲ್ಲ ಭಾವ.”

“ಆಫ್ ಆದ್ರೂ ಅದು ಕರೆಂಟ್ ಹಿಡ್ಕಂಡಿರ್ತದೆ. ನಂಗೆ ಒದ್ದೈತೆ, ಗೊತ್ತು. ಉಡ್ಗ ಹೇಳಾಗಂಟ ಸುಮ್ಕಿರು.”

ಒಳಗೆ ಕರೆಂಟು ಉಳಿದಿದೆಯೆಂದು ತೋರಿಸುವ ಕೆಂಪು ದೀಪ ಆರುವವರೆಗೂ ಮೂವರೂ ಅದನ್ನೇ ನೋಡುತ್ತ ನಿಂತೆವು. ಮೀಟರಿಟ್ಟು ಖಾತ್ರಿ ಮಾಡಿಕೊಂಡು, ಮೋಟಾರಿನ ಕಡೆಯ ಎರಡು ವೈರು ಬದಲಿಸಿದೆ. ಬೋರ್ಡಿನ ಕಡೆ ಬದಲಿಸಿದರೆ ಡ್ರೈವ್ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಈ ಸಲ ವೇಗದ ನಾಬ್ ತಿರುಗಿಸಲು ಅಪ್ಪನನ್ನೇ ಕರೆದೆ. ಅವರು ಕೈ ಒರೆಸಿಕೊಂಡು ಹಿಡಿದರು. ಮೊದಲು ಒಂದು ಗುಂಯ್, ಆಮೇಲೆ ಚಕ್ರಗಳು ಒಂದೊಂದಾಗಿ ಎದ್ದವು, ಹುರಿ ಬಿಗಿಯಾಯಿತು, ಕೀಳಲಿಲ್ಲ! ಅಪ್ಪ ಜಾಸ್ತಿ ಮಾಡಿದರು, ಕಡಿಮೆ ಮಾಡಿದರು, ಮತ್ತೆ ಜಾಸ್ತಿ. ಸಾಕು ಬಿಡಿ ಭಾವ ಎಂದು ಮಾವ ಬೇಡಿಕೊಳ್ಳಬೇಕಾಯಿತು.

ಮಗ ತನ್ನ ಕಂಡೆನ್ಸರನ್ನೇ ದೊಡ್ಡದು ಮಾಡಿ ಕೂರಿಸಿದ್ದಾನೆ ಎಂದು ಅಪ್ಪ ಊರಿಡೀ ಹೇಳಿದರು. ಬಹಳ ವರ್ಷ ನಾನು ಅದನ್ನು ತಿದ್ದುತ್ತಲೇ ಇದ್ದೆ.

“ಎಷ್ಟು ಮಾರು ಬೇಕು ಸಾ?” ಎಂದ ಹಗ್ಗದಂಗಡಿಯವನು. ಹಗ್ಗ ಬೇಕಿರಲಿಲ್ಲ, ಕೊಂಡೆ. ನಾನು ಹುರಿ ಬಿಡಿಸಿ ನೋಡುತ್ತಿದ್ದ ರೀತಿ ಕಂಡು, ಯಾವ ಕೆಲಸ ನಿಮ್ಮದು ಎಂದು ಕೇಳಿದ. ಡಿಗ್ರಿ ನಾಲಿಗೆಯ ತುದಿಗೆ ಬಂದಿತ್ತು.

“ನಮ್ಮಪ್ಪಂದು ಕಂಡೆನ್ಸರ್ ಕೆಲಸ,” ಎಂದೆ. “ಅದ್ನೇ ಮುಂದುವರ್ಸಿದ್ದೀನಿ.”