ನಕಾಶೆಯಲ್ಲಿ ಖಾಲಿಯಾದ ಓಣಿ

ಹೊಳೆಮಣ್ಣೂರಿನ ಗುಲ್ಷನ ಕೌದಿ ಹೊಲಿದು, ಆಡು ಸಾಕಿ ಬದುಕಿದವಳು. ದಿಬ್ಬದ ಮೇಲೆ ಸರಕಾರ ಹೊಸ ಮನೆ ಕೊಟ್ಟರೂ, ಅಲ್ಲಿ ಆಡು ಕಟ್ಟಲು ಜಾಗವಿಲ್ಲದೆ ಹೊಳೆದಂಡೆಯ ಹಳೇ ಓಣಿಯಲ್ಲೇ ಉಳಿದಳು. ನಕಾಶೆ ಮಾಡುವವರು ಬಂದಾಗ, ಹೊಸ ಮನೆ ಕಸಿದಾರೆಂದು ಹೆದರಿ, ಅವಳೂ ಸೇರಿ ಓಣಿಯಲ್ಲಿ ಉಳಿದವರೆಲ್ಲ "ಹಳೇ ಮನಿ ಬಿಟ್ಟೀವ್ರಿ" ಎಂದರು. ಎಲ್ಲ ಇಲಾಖೆಗಳಿಗೂ ಅದೇ ನಕಾಶೆ ಹೋಯಿತು. ಓಣಿ ಖಾಲಿ ಎಂದಾಯಿತು.

ಮಲಪ್ರಭೆ ಏರಿದಾಗ ಗಂಡ ಅಕ್ರಮ್ ಲಕ್ವಾ ಹೊಡೆದು ಮಲಗಿದ್ದ. ಗುಲ್ಷನ ದೋಣಿಗೆಂದು ತಾಲೂಕು ಕಚೇರಿಗೆ ಫೋನ್ ಮಾಡಿದಳು.

"ಅಲ್ಲಿ ಯಾರೂ ಇಲ್ಲಬೇ ಯವ್ವಾ, ನಕಾಶಿ ನೋಡಾಕತ್ತೀನಿ," ಎಂದ ಕಚೇರಿಯವ.

"ಹಂಗಾರ ನಿಮ್ಮ ಕೂಡ ಮಾತಾಡಾಕತ್ತಿದ್ದು ದೆವ್ವೇನ್ರಿ?"

ದೋಣಿ ಬರುವಷ್ಟರಲ್ಲಿ ಅಕ್ರಮ್ ಮುಳುಗಿದ್ದ.

ಮರಣ ಬರೆಸಲು ಹೋದರೆ, ಆ ಓಣಿಯೇ ಇಲ್ಲವೆಂದು ಹೊಸ ಮನೆಯ ವಿಳಾಸ ಹಾಕಿದರು. ದಿಬ್ಬದ ಮೇಲಿನ ಮನೆಯಲ್ಲಿ ಮನುಷ್ಯ ಹೊಳೆನೀರಲ್ಲಿ ಮುಳುಗಿ ಸತ್ತನಂತೆ! ಬರೆದವನು ಠಸ್ಸೆ ಒತ್ತಿ ಮುಂದಿನವರನ್ನು ಕರೆದ.