ಬಿರುಕು ಬಿಟ್ಟ ತೊಲೆ

ದಮ್ಮಾಮ್‌ನಲ್ಲಿ ನನ್ನ ಮಗಳು ಕೆಲಸ ಮಾಡುವ ಕಾರ್ಖಾನೆಯಲ್ಲಿ ಸೇತುವೆಗೆ ಹಾಕುವ ಭಾರೀ ಗಟ್ಟಿ ಕಾಂಕ್ರೀಟ್ ಮಾಡುತ್ತಾರೆ. ಅದಕ್ಕೆ ಕೂದಲಿನಷ್ಟು ಸಪೂರ ಉಕ್ಕಿನ ತಂತಿಯ ಚೂರು ಬೆರೆಸುತ್ತಾರೆ. ಅವಳ ಬಟ್ಟೆ ತಿಕ್ಕುವಾಗ ಅದು ನನ್ನ ಬೆರಳಿಗೆ ಎಷ್ಟೋ ಸಲ ಚುಚ್ಚಿದೆ. ಆ ಕಾಂಕ್ರೀಟಿಗೆ ಸರ್ಟಿಫಿಕೇಟ್ ಸಿಗದಿದ್ದರೆ ಸೌದಿಯಲ್ಲಿ ಇರಲು ಬೇಕಾದ ಅವಳ ಪರವಾನಗಿ, ಇಕಾಮಾ, ಮುಂದುವರಿಸುವುದಿಲ್ಲ ಎಂದು ಅವಳನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲ್ ಹೇಳಿದ್ದ. ಒಂದೇ ಪರೀಕ್ಷೆ ಬಾಕಿ ಇತ್ತು.

ಆ ದಿನ ನನ್ನನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ, ಹಾಗೆಯೇ ಲ್ಯಾಬಿಗೂ ಕರೆದುಕೊಂಡು ಹೋದಳು. ಮೊಳದುದ್ದದ ಕಾಂಕ್ರೀಟ್ ತೊಲೆಯನ್ನು ಯಂತ್ರ ಮೇಲಿನಿಂದ ಒತ್ತಿತು. ಟಕ್ ಎಂದು ಅಡಿಯಲ್ಲಿ ಬಿರುಕು ಬಿಟ್ಟಿತು.

ನಮ್ಮಲ್ಲಿ ಮಡಕೆ ಬಿರಿದರೆ ಎಸೆಯುವುದೇ. ನಾನು ಎದ್ದು ಬುರ್ಖಾ ಸರಿಮಾಡಿಕೊಂಡೆ. “ಆಯ್ತಲ್ಲ, ನಡಿ. ಊರಿಗೆ ಹೋಗಿ ಬೀಡಿ ಕಟ್ಟು,” ಎಂದೆ.

ಯಂತ್ರ ನಡೆಸುತ್ತಿದ್ದ ಉಡುಪಿಯವನು ನಕ್ಕ. “ಎಂತ ಉಮ್ಮ, ಅವಸರ? ಬಿರುಕು ಬಿಡುವುದು ತಪ್ಪಲ್ಲ. ಬಿಟ್ಟ ಮೇಲೂ ಎಷ್ಟು ಭಾರ ತಡೀತದೆ ಅಂತ ನೋಡುವುದು. ಕೂತ್ಕೊಳ್ಳಿ ಮಾರಾಯ್ರೆ.”

ನಾನು ಮತ್ತೆ ಕೂತೆ. ಯಂತ್ರ ಒತ್ತುತ್ತಲೇ ಇತ್ತು. ತೊಲೆ ಬಾಗಿತು, ಬಿರುಕು ಅಗಲವಾಯಿತು, ಆದರೆ ಒಳಗಿನ ತಂತಿಗಳು ಬಿಡಲಿಲ್ಲ. ತೊಲೆ ತುಂಡಾಗಲಿಲ್ಲ. ಅವನು ಪರದೆ ನೋಡಿ, “ಪಾಸು,” ಎಂದ.

ಮಗಳು ನನ್ನ ಪಕ್ಕದ ಕುರ್ಚಿಯಲ್ಲಿ ದೊಪ್ಪನೆ ಕೂತಳು.

“ಈಗ ಬೀಡಿ ಕಟ್ಟಬೇಕಾ ಉಮ್ಮ?” ಎಂದಳು.

“ನಿನಗೆ ಅದೆಲ್ಲ ಎಲ್ಲಿ ಬರ್ತದೆ,” ಎಂದೆ. “ನಡಿ, ಹಸಿವಾಗ್ತದೆ.”