ಜವ್ವನಿಗ ಎಂದು ಕರೆದವರು

ಐನಾಪುರದಲ್ಲಿ ನಮ್ಮ ಪಕ್ಕದ ಮನೆಯ ಜೈನ ಮಾಸ್ತರರು ಓಣಿಯ ಹುಡುಗರನ್ನೆಲ್ಲ ಹಳೆಗನ್ನಡದಲ್ಲಿ "ಏನೋ ಜವ್ವನಿಗ" ಎಂದೇ ಕರೆಯುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುತ್ತಿರಲಿಲ್ಲ.

ಆ ವರ್ಷ ನನ್ನ ಮಗ ಎಸ್ಸೆಸ್ಸೆಲ್ಸಿ ನಪಾಸಾಗಿ ಊಟ ಬಿಟ್ಟು ಮಲಗಿದ್ದ. ಬೇಡಿಕೊಂಡು ಬೇಡಿಕೊಂಡು ನಾನೂ ಸೋತಿದ್ದೆ. ಸಂಜೆ ಮಾಸ್ತರರು ಬಂದು "ಏನೋ ಜವ್ವನಿಗ" ಎನ್ನುತ್ತ ಅವನ ಬಳಿ ಕುಳಿತರು.

"ನಾ ಎಲ್ಲಿ ಜವ್ವನಿಗರಿ ಸರ್? ಎಮ್ಮಿ ಕಾಯಾಕೂ ನಾಲಾಯಕ್ ಅಂತಾನ ನಮ್ಮಪ್ಪ."

"ಸಂಸ್ಕೃತದಾಗ ಯೌವನ, ಪ್ರಾಕೃತದಾಗ ಜೊವ್ವಣ ಆತು, ನಮ್ಮಲ್ಲಿ ಜವ್ವನ. ಅದು ಇದ್ದಾವ ಜವ್ವನಿಗ. ಪಾಸಾದಾವ ಅಂತ ಎಲ್ಲೂ ಅರ್ಥ ಇಲ್ಲಲೇ!"

ಮಗ ನಕ್ಕ. ದೇವರ ದಯೆ, ಎದ್ದು ರೊಟ್ಟಿ ತಿಂದ.

"ನೀವೂ ಉಣ್ಣಬರ್ರಿ ಸರ್" ಎಂದೆ, ಖುಷಿಯಲ್ಲಿ ಮರೆತು.

ಅವರು ಬಾಗಿಲಾಚೆ ನೋಡಿದರು. ಕತ್ತಲಾಗಿತ್ತು.

"ಮುಂಜಾನಿ ನೋಡೂಣ್ರಿ ತಂಗಿ" ಎಂದು ಹಸಿದೇ ಮನೆಗೆ ಹೋದರು.